ಆ ಒಂದು ದಕಾರದ ಚಿಂತೆ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಬರೆಯುವುದಿಲ್ಲ. ರಷ್ಯನ್ ಮತ್ತು ಅದರ ನಂಟಿನ ಸ್ಲಾವಿಕ್ ಭಾಷೆಗಳ ‘ಗೊಸ್ಪೊದ್’ ಎಂಬ ಪದದ ಮೇಲೆ ನೀನು ಬರೆಯುತ್ತಿರುವ ಪ್ರಬಂಧದ ಬಗ್ಗೆ, ‘ಆ ದಕಾರ ಎಲ್ಲಿಂದ ಬಂತು ಅಂತ ಕೊನೆಗೂ ಗೊತ್ತಾಗದಿದ್ದರೆ ನಾನು ಓದಿದ್ದೆಲ್ಲ ದಂಡ ಅಲ್ವಾ ದೊಡ್ಡಪ್ಪ’ ಎಂದು ಕೇಳಿದ್ದೀಯ. ಆ ಸಾಲು ಓದಿದಾಗಿನಿಂದ ನನಗೂ ನೆಮ್ಮದಿ ಇಲ್ಲ.

ರಷ್ಯನ್ನಿನಲ್ಲಿ ಗೋಸ್ತ್ ಎಂದರೆ ಅತಿಥಿ. ಅದಕ್ಕೆ ನಮ್ಮ ‘ಪತಿ’ಯ ನಂಟಿನ ಪದ ಸೇರಿ ಗೊಸ್ಪೊದ್, ಒಡೆಯ. ಲ್ಯಾಟಿನ್ನಿನ ಹೋಸ್ಪೆಸ್ ಕೂಡ ಇದೇ ಜೋಡಣೆ. ರಷ್ಯನ್ನರು ದೇವರನ್ನೇ ಗೊಸ್ಪೊದ್ ಎಂದು ಕರೆಯುತ್ತಾರೆ. ಪೋಲೆಂಡಿನಲ್ಲಿ ಮನೆ ಯಜಮಾನ ಗೊಸ್ಪೊದಾಶ್. ಹಿಂದೆ ಮೊಲ್ದಾವಿಯಾದ ದೊರೆಗಳಿಗೆ ಹೊಸ್ಪೊದಾರ್ ಎಂಬ ಬಿರುದಿತ್ತು. ಪ್ರಾಗಿನಲ್ಲಿ ನಿನ್ನ ಬೀದಿಯ ಬಿಯರ್ ಅಂಗಡಿಯ ಬೋರ್ಡಿನ ಮೇಲೂ ‘ಹೊಸ್ಪೊದಾ’! ಬಂದವರನ್ನು ನೋಡಿಕೊಳ್ಳುವವನೇ ಯಜಮಾನ ಅಂದುಕೊಂಡರೆ ಎಷ್ಟು ಚೆಂದ. ಆದರೆ ‘ಪತಿ’ಯ ಹಾಗೆ ‘ತ’ ಇರಬೇಕಾದ ಕಡೆ ‘ದ’ ಬಂದು ಕೂತಿದೆ. ಗಾಥಿಕ್ ಎಂಬ ಹಳೆಯ ಜರ್ಮಾನಿಕ್ ಭಾಷೆಯಿಂದ ಬಂದ ಎರವಲು ಎಂದು ಕೆಲವರು, ಅಲ್ಲವೇ ಅಲ್ಲ ಎಂದು ಕೆಲವರು. ನಿನ್ನ ಭಯವೆಲ್ಲ ಅಲ್ಲೇ ಇದೆ.

ನಾನೂ ಸಂಸ್ಕೃತ ಓದುವಾಗ ಇಂಥದೇ ಒಂದು ಪದದ ಹಿಂದೆ ಬಿದ್ದಿದ್ದೆ. ಋಗ್ವೇದದಲ್ಲಿ ಅಗ್ನಿಯನ್ನು ‘ದಂಪತಿ’ ಎನ್ನುತ್ತಾರೆ. ಗಂಡಹೆಂಡಿರಲ್ಲ, ಮನೆಯ ಒಡೆಯ. ಅಷ್ಟರಲ್ಲಿ ನಿನ್ನ ಅಜ್ಜ ಹೋದರು, ತೋಟ ನನ್ನ ಹೆಗಲಿಗೆ ಬಂತು. ಆ ನೋಟ್‌ಬುಕ್ ಈಗಲೂ ಟ್ರಂಕಿನಲ್ಲಿದೆ. ‘ದಂಪತಿ’ಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಮುಂದಿನ ಪುಟದಿಂದ ಅಡಿಕೆ ಕೊಯ್ಲಿನ ಕೂಲಿ ಲೆಕ್ಕ. ಉತ್ತರ ಸಿಗಲಿಲ್ಲ ಎಂಬ ಸಂಕಟ ನನಗೆ ಯಾವತ್ತೂ ಇಲ್ಲ ಪುಟ್ಟಿ. ಇನ್ನಷ್ಟು ದಿನ ಹುಡುಕುವುದಕ್ಕೆ ಆಗಲಿಲ್ಲವಲ್ಲ ಎಂಬ ಸಂಕಟ ಮಾತ್ರ ಹೋಗಿಲ್ಲ.

ದಂಡ ಎಂದೆಯಲ್ಲ, ಅದಕ್ಕೆ ಹೇಳುತ್ತೇನೆ. ನೀನು ದಿನಾ ತಿರುವಿ ಹಾಕುವ ಆ ರಷ್ಯನ್ ನಿರುಕ್ತಕೋಶವನ್ನು, ಅಂದರೆ ಪದಗಳ ಮೂಲ ಹೇಳುವ ಕೋಶವನ್ನು, ಬರೆದ ಫಾಸ್ಮರ್, 1944ರಲ್ಲಿ ಬರ್ಲಿನ್ನಿನ ಮನೆಗೆ ಬಾಂಬು ಬಿದ್ದು ಕೂಡಿಟ್ಟ ಟಿಪ್ಪಣಿಗಳನ್ನೆಲ್ಲ ಕಳೆದುಕೊಂಡವರು. ಮತ್ತೆ ಕೂತು ಬರೆದರು. 1950ರಿಂದ 1958ರೊಳಗೆ ಮೂರು ಸಂಪುಟ ಬಂದವು. ಅವರ ಕೋಶದಲ್ಲೂ ಎಷ್ಟೋ ಪದಗಳ ಮುಂದೆ ‘ಸ್ಪಷ್ಟವಿಲ್ಲ’ ಎಂದೇ ಇದೆ, ಅಲ್ವಾ?

ನಿನ್ನ ವಿಷಯ ನನಗೆ ಪೂರ್ತಿ ಅರ್ಥವಾಗುವುದಿಲ್ಲ, ಆದರೂ ಒಂದು ಮಾತು. ದಕಾರದ ಅಧ್ಯಾಯ ಕೊನೆಗಿಡು, ಅತಿಥಿಯ ಭಾಗ ಮೊದಲು ಬರೆ. ಇಬ್ಬರ ವಾದವನ್ನೂ ಇದ್ದ ಹಾಗೇ ಇಟ್ಟರೆ ಸಾಲದಾ? ನನಗೆ ಹೇಳಿದ ಭಯವನ್ನು ನಿಮ್ಮ ಮೇಷ್ಟರಿಗೂ ಹೇಳು. ರಾತ್ರಿ ಜಾಸ್ತಿ ಹೊತ್ತು ಕೂರಬೇಡ.

ಬರೆದಷ್ಟನ್ನು ಕಳಿಸು. ‘ಪತಿ’ ಬರುವ ಪುಟಗಳನ್ನಾದರೂ ನಾನು ನೋಡಿಕೊಡುತ್ತೇನೆ.

ನಿನ್ನ
ದೊಡ್ಡಪ್ಪ