ಕಲ್ಲು ತೆಗೆಸಿಕೊಂಡವರಿಗೆ ಬರುವ ಜ್ವರ ಮಳೆ ಜ್ವರ ಅಲ್ಲ

ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನಮ್ಮ ಭಾವನಿಗೆ ಮೈಸೂರಿನಲ್ಲಿ ಕಿಡ್ನಿ ಕಲ್ಲಿನ ಆಪರೇಷನ್ ಆಯಿತು. ಬೆನ್ನಲ್ಲಿ ಸಣ್ಣ ತೂತು ಮಾಡಿ, ಕಲ್ಲು ಪುಡಿ ಮಾಡಿ ತೆಗೆಯುತ್ತಾರಲ್ಲ, ಅದು. ಮೂರನೇ ದಿನ ಶಾಂತಳ್ಳಿಗೆ ಕರೆದುಕೊಂಡು ಬಂದೆವು. ರಾತ್ರಿ ಚಳಿ ಶುರುವಾಯಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ನಿಲ್ಲಲಿಲ್ಲ. "ಕಾರಿಳಿಯುವಾಗ ನೆನೆದ್ರಲ್ಲ, ಅದಕ್ಕೇ" ಅಂತ ಅಕ್ಕ ಶುಂಠಿ, ಕಾಳುಮೆಣಸಿನ ಕಷಾಯ ಕೊಟ್ಟಳು, ನಾನೊಂದು ಜ್ವರದ ಮಾತ್ರೆ ಕೊಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಮಾತು ತೊದಲುತ್ತಿತ್ತು, ಬಿಪಿ ಪೂರ್ತಿ ಇಳಿದಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್, ಆಂಟಿಬಯಾಟಿಕ್ ಹಾಕಿ ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. ನಾಲ್ಕು ದಿನ ಐಸಿಯು.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಬ್ಯಾಕ್ಟೀರಿಯಾ ಕಲ್ಲಿನೊಳಗೇ ಅಡಗಿರಬಹುದಂತೆ. ಮೊದಲೇ ಮಾಡಿಸಿದ ಮೂತ್ರದ ಕಲ್ಚರ್, ಅಂದರೆ ಸೋಂಕು ಇದೆಯಾ ಅಂತ ನೋಡುವ ಪರೀಕ್ಷೆ, ಸರಿ ಇದ್ದರೂ, ಕಲ್ಲು ಒಡೆದಾಗ ಅವು ಹೊರಬಿದ್ದು ರಕ್ತಕ್ಕೆ ಸೇರಬಹುದು. ಹಾಗಾಗಿ ಆಪರೇಷನ್ ಮಾಡಿದವರನ್ನು ನಾನು ದೂರುತ್ತಿಲ್ಲ. ನನ್ನ ಸಿಟ್ಟಿರುವುದು ಡಿಸ್ಚಾರ್ಜ್ ಚೀಟಿ ಮೇಲೆ. 'ಜ್ವರ ಬಂದರೆ ತಕ್ಷಣ ಬನ್ನಿ' ಅಂತ ಅದರಲ್ಲಿತ್ತು, ಆದರೆ ಇಂಗ್ಲಿಷ್‌ನಲ್ಲಿ, ಕೊನೆಯ ಸಾಲಿನಲ್ಲಿ, ಮಾತ್ರೆಗಳ ಪಟ್ಟಿ ಕೆಳಗೆ. ನಾವು ಮಾತ್ರೆ ಲೆಕ್ಕ ನೋಡಿ ಮಡಚಿಟ್ಟಿದ್ದೆವು.

ರಕ್ತದ ವಿಷಯವೂ ಹಾಗೇ. ಕೆಲವು ದಿನ ಮೂತ್ರ ನಸುಗೆಂಪಾಗಿ ಹೋದರೆ ಗಾಬರಿ ಬೇಡವಂತೆ. ಆದರೆ ಗಟ್ಟಿ ಕೆಂಪು, ಗಡ್ಡೆ ಗಡ್ಡೆಯಾಗಿ ಹೋದರೆ, ಅದು ಎರಡು ವಾರ ಆದಮೇಲಾದರೂ ಸರಿ, ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಆಗ ತೊಡೆಸಂದಿಯಿಂದ ಸಣ್ಣ ನಳಿಕೆ ಹಾಕಿ ಆ ನಾಳ ಮುಚ್ಚುವ ಚಿಕಿತ್ಸೆ ಇದೆ. ನಮ್ಮ ಕಡೆ ವಾರ ಕಳೆಯುವಷ್ಟರಲ್ಲಿ ಮೆಣಸು ಕೊಯ್ಯಲು ಏಣಿ ಹತ್ತುತ್ತಾರೆ, ಏನು ಹೇಳುವುದು!

ಇನ್ನು ಸ್ಟೆಂಟ್, ಅಂದರೆ ಆಪರೇಷನ್ ಆದಮೇಲೆ ಮೂತ್ರ ಸರಾಗವಾಗಿ ಇಳಿಯಲಿ ಅಂತ ಕಿಡ್ನಿಯಿಂದ ಮೂತ್ರಕೋಶದವರೆಗೆ ಸ್ವಲ್ಪ ಕಾಲ ಇಡುವ ಸಣ್ಣ ನಳಿಕೆ. ಪಕ್ಕದ ತೋಟದ ಲೈನ್‌ಮನೆಯ ಒಬ್ಬರು ನೋವು ಹೋಯಿತಲ್ಲ ಅಂತ ಎಂಟು ತಿಂಗಳು ಅದನ್ನು ತೆಗೆಸಲೇ ಇಲ್ಲ. ಅದರ ಸುತ್ತಲೇ ಕಲ್ಲು ಕಟ್ಟಿ, ತೆಗೆಯಲು ಮತ್ತೊಂದು ಆಪರೇಷನ್ ಆಯಿತು.

ನಮಗೆ ಮೈಸೂರು ಮೂರು ಗಂಟೆ ದಾರಿ. ಮರ ಬಿದ್ದರೆ ಇನ್ನೂ ಜಾಸ್ತಿ. ಆದ್ದರಿಂದ ಆಸ್ಪತ್ರೆಯವರು ಒಂದೇ ಒಂದು ಹಾಳೆ ಕೊಡಲಿ: ಚಳಿಜ್ವರ, ಗಡ್ಡೆ ರಕ್ತ, ಮೂತ್ರ ನಿಂತುಹೋಗುವುದು, ಸ್ಟೆಂಟ್ ತೆಗೆಸುವ ತಾರೀಕು, ರಾತ್ರಿಯೂ ಎತ್ತುವ ಫೋನ್ ನಂಬರ್. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ತೋಟಗಳಲ್ಲಿ ಈಗ ಅಸ್ಸಾಂ ಕಡೆಯವರೂ ಇದ್ದಾರೆ, ಅವರಿಗೆ ಅವರ ಭಾಷೆಯಲ್ಲೇ ಕೊಡಲಿ.

— ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು