ಏಳಡಿಯ ಬಾವಿ

ಬದಿಯಡ್ಕ

ಪ್ರೀತಿಯ ಮಗಳೇ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಉಳಿದಿದೆ. ದಶಮಾಂಶದಲ್ಲಿ ಬರೆದರೆ 22/7 ಕೂಡ ಮುಗಿಯುವುದಿಲ್ಲ, ಪೈ, ಅಂದರೆ ವೃತ್ತದ ಸುತ್ತನ್ನು ಅಡ್ಡದಿಂದ ಭಾಗಿಸಿದರೆ ಬರುವ ಸಂಖ್ಯೆ, ಅದೂ ಮುಗಿಯುವುದಿಲ್ಲ. ಮತ್ತೆ ಒಂದು ಭಾಗಲಬ್ಧ (ಪೂರ್ಣಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯಬಹುದಾದದ್ದು), ಇನ್ನೊಂದು ಅಭಾಗಲಬ್ಧ (ಹಾಗೆ ಬರೆಯಲಾಗದ್ದು) ಆದದ್ದು ಹೇಗೆ ಅಂತ. ಇದನ್ನು ಬಾಯಲ್ಲಿ ಹೇಳಿದರೆ ಆಗದು, ಬರೆದೇ ತೋರಿಸಬೇಕು.

ಕ್ಯಾಲ್ಕುಲೇಟರ್ ಬದಿಗಿಡು. 1ನ್ನು 7ರಿಂದ ಕೈಯಲ್ಲೇ ಭಾಗಿಸು. ಬರುವ ಶೇಷಗಳನ್ನು ಪಕ್ಕದಲ್ಲಿ ಬರೆಯುತ್ತಾ ಹೋಗು: 3, 2, 6, 4, 5, 1. ನಾವು ಶುರು ಮಾಡಿದ್ದೇ 1ರಿಂದ, ಅಲ್ವಾ? ಅದು ತಿರುಗಿ ಬಂತು ಅಂದರೆ ಇನ್ನು ಮುಂದೆ ಅದೇ ದಾರಿ, ಅದೇ ಅಂಕಿಗಳು. 0.142857142857... ಏಳರಿಂದ ಭಾಗಿಸುವಾಗ ಶೇಷ ಆರನ್ನು ದಾಟುವುದಿಲ್ಲ. ಸೊನ್ನೆ ಬಂದರೆ ಅಲ್ಲಿಗೆ ಮುಗಿಯಿತು, 1/8 ಹೋಗಿ 0.125ಕ್ಕೆ ನಿಂತ ಹಾಗೆ. ಸೊನ್ನೆ ಬಾರದಿದ್ದರೆ ಆ ಆರರಲ್ಲೇ ಒಂದು ಮತ್ತೆ ಬರಬೇಕು, ಬೇರೆ ಎಲ್ಲಿಂದ ಬರುತ್ತದೆ? ಕೆಳಗೆ ಏಳಿರಲಿ, ಏಳು ಸಾವಿರ ಇರಲಿ, ಭಿನ್ನರಾಶಿ ಒಂದೋ ನಿಲ್ಲುತ್ತದೆ, ಇಲ್ಲವೇ ಸುತ್ತುತ್ತದೆ.

ಪೈ ನಿಲ್ಲುವುದೂ ಇಲ್ಲ, ಸುತ್ತುವುದೂ ಇಲ್ಲ. 3.14159265... ಅಂತ ಹೋಗುತ್ತಲೇ ಇರುತ್ತದೆ. 22/7 ಅಂದರೆ 3.142857... ಮೂರನೇ ದಶಮಾಂಶದಲ್ಲೇ ಎರಡೂ ಬೇರೆಯಾದವು ನೋಡು.

ಹಾಗಂತ 22/7ನ್ನು ಸುಮ್ನೆ ತಳ್ಳಿಹಾಕಬೇಡ. ನಮ್ಮ ತೋಟದ ಬಾವಿಗೆ ಕಟ್ಟೆ ಕಟ್ಟುವಾಗ ಮೇಸ್ತ್ರಿ ಕಾಗದ ಮುಟ್ಟಲಿಲ್ಲ. ಅಡ್ಡ ಏಳಡಿ, ಹಾಗಾದರೆ ಸುತ್ತ ಇಪ್ಪತ್ತೆರಡು ಅಂದವರೇ ಮುರಕಲ್ಲಿನ ಲೆಕ್ಕ ಕೊಟ್ಟರು. ನಿನ್ನೆ ಪೈ ಹಾಕಿ ನೋಡಿದೆ. ಅವರ ಲೆಕ್ಕಕ್ಕೂ ಇದಕ್ಕೂ ಮೂರು ಮಿಲಿಮೀಟರಿನಷ್ಟೂ ವ್ಯತ್ಯಾಸ ಇಲ್ಲ. ಅದು ಸಿಮೆಂಟಿನ ಸಂದಿನಲ್ಲೇ ಮುಚ್ಚಿಹೋಗುತ್ತದೆ.

ಆರ್ಯಭಟ ಪೈಗೆ 3.1416 ಆಗುವ ಲೆಕ್ಕ ಕೊಟ್ಟು, ಅದನ್ನು 'ಆಸನ್ನ' ಅಂದ. ಅಂದರೆ ಹತ್ತಿರದ್ದು. ಸರಿಯಾದದ್ದನ್ನೇ ಯಾಕೆ ಕೊಡಲಿಲ್ಲ? ಇದಕ್ಕೆ ಉತ್ತರ ಬರೆದವರು ನಮ್ಮ ಕೇರಳದವರೇ, 1444ರಲ್ಲಿ ಹುಟ್ಟಿದ ಗಣಿತಜ್ಞ ನೀಲಕಂಠ ಸೋಮಯಾಜಿ. ಯಾವ ಅಳತೆಯಿಂದ ಅಡ್ಡವನ್ನು ಶೇಷವಿಲ್ಲದೆ ಅಳೆಯುತ್ತೀಯೋ, ಅದರಿಂದ ಸುತ್ತನ್ನು ಅಳೆದರೆ ಶೇಷ ಉಳಿದೇ ಉಳಿಯುತ್ತದೆ. ಅಳತೆ ಸಣ್ಣದು ಮಾಡಿದಷ್ಟೂ ಶೇಷ ಸಣ್ಣದಾಗುತ್ತದೆ, ಇಲ್ಲದೆ ಹೋಗುವುದಿಲ್ಲ ಅಂತ ಅವರ ಮಾತು. ಇದನ್ನು ಓದಿದ ದಿನ ನನಗೆ ಮತ್ತೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ ಮಗಳೇ. ಆದರೆ ಪೈ ಅಭಾಗಲಬ್ಧ ಅಂತ ಲ್ಯಾಂಬರ್ಟ್ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ್ದು 1761ರಲ್ಲಿ.

ಈಗ 1ನ್ನು 13ರಿಂದ ಭಾಗಿಸು. ಹನ್ನೆರಡು ಶೇಷಗಳಿಗೆ ಜಾಗ ಇದೆ, ಆದರೆ ಸುತ್ತು ಆರಕ್ಕೇ ಮುಗಿಯುತ್ತದೆ. 17 ಹಾಗಲ್ಲ, ಹದಿನಾರನ್ನೂ ಮುಟ್ಟಿಯೇ ಬರುತ್ತದೆ. ಯಾಕಿರಬಹುದು? ಈ ಭಾನುವಾರ ಕರೆ ಮಾಡುವಾಗ ಪುಸ್ತಕ ಹತ್ತಿರ ಇಟ್ಟುಕೋ.

ನಿನ್ನ
ಅಪ್ಪ