ಚಮಚ ಮುರಿದಿಲ್ಲ, ಮಗು ಕಂಡದ್ದನ್ನೇ ಬರೆದಿದೆ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಕಳೆದ ವಾರ ಆರನೇ ತರಗತಿಯ ಮಗುವೊಂದರ ತಂದೆ ಚಿತ್ರಕಲೆಯ ಪುಸ್ತಕ ಹಿಡಿದುಕೊಂಡು ನನ್ನ ಕೊಠಡಿಗೆ ಬಂದರು. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ಗಾಜಿನ ಲೋಟದಲ್ಲಿ ಅರ್ಧ ನೀರು, ಅದರಲ್ಲೊಂದು ಚಮಚ. ನೀರಿನ ಮಟ್ಟದಲ್ಲಿ ಚಮಚ ಎರಡು ತುಂಡಾದಂತಿತ್ತು; ಕೆಳಗಿನ ತುಂಡು ತುಸು ಪಕ್ಕಕ್ಕೆ ಸರಿದು ದಪ್ಪಗಾಗಿತ್ತು. "ಏನು ಮೇಷ್ಟ್ರೇ, ಒಂದು ಚಮಚ ನೆಟ್ಟಗೆ ಬರೆಯುವುದನ್ನೂ ಕಲಿಸಲಿಲ್ಲವೇ?" ಎಂದರು. ಮನೆಯಲ್ಲಿ ತಾವೇ ಅಳಿಸಿ, ಸ್ಕೇಲಿಟ್ಟು ತಿದ್ದಿದ್ದರಂತೆ. ಮಗು ಹಠ ಹಿಡಿದು ಮತ್ತೆ ಮುರಿದೇ ಬರೆದಿತ್ತು.

ನಾನು ಮೇಜಿನ ಮೇಲಿದ್ದ ಲೋಟಕ್ಕೆ ನೀರು ಹಾಕಿ ಪೆನ್ನು ಅದ್ದಿದೆ. ಅವರು ಬಗ್ಗಿ ನೋಡಿದರು. ಎದ್ದು ಆ ಕಡೆಯಿಂದಲೂ ನೋಡಿದರು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಪೆನ್ನೂ ಮುರಿದಂತೆ ಕಾಣುತ್ತದೆ. ಬೆಳಕಿನ ಈ ವಕ್ರೀಭವನದ ಪಾಠ ಮಗುವಿಗೆ ಇನ್ನೂ ಆಗಿಲ್ಲ. ಕಣ್ಣು ಆಗಲೇ ಅದನ್ನು ಹಿಡಿದಿದೆ.

ಎರಡು ಗುಡ್ಡ, ನಡುವೆ ಸೂರ್ಯ, ಒಂದು ನದಿ, ಒಂದು ಗುಡಿಸಲು: ಇದನ್ನು ಬರೆಸುವುದನ್ನು ನಮ್ಮ ಚಿತ್ರಕಲಾ ಶಿಕ್ಷಕರು ಈ ವರ್ಷ ನಿಲ್ಲಿಸಿದ್ದಾರೆ. ನಮ್ಮೂರಿನ ಸುತ್ತಮುತ್ತ ಗುಡ್ಡವೇ ಇಲ್ಲ, ಆದರೂ ಪ್ರತಿ ಪುಸ್ತಕದಲ್ಲೂ ಅದೇ ತ್ರಿಕೋನದ ಗುಡ್ಡ. ನಾನೂ ಅದನ್ನೇ ಬರೆದು ಬಹುಮಾನ ಗಿಟ್ಟಿಸಿದವನು. ಗುಡ್ಡ ನೋಡಬೇಕೆನ್ನುವ ಮಕ್ಕಳಿಗೆ, ಮೈಸೂರು ಅರಮನೆಯ ಕಲಾವಿದರಾಗಿದ್ದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳನ್ನು ಬೆಂಗಳೂರಿನ ಪ್ರವಾಸದಲ್ಲಿ ತೋರಿಸಬೇಕೆಂದಿದ್ದೇವೆ.

ಈಗ ಮಕ್ಕಳು ಎದುರಿಗಿಟ್ಟ ವಸ್ತುವನ್ನು ಹತ್ತು ನಿಮಿಷ ಸುಮ್ಮನೆ ನೋಡಿ ಆಮೇಲೆ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಒಂದು ದಿನ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆ. ಎದುರಿಗೆ ಹಿತ್ತಾಳೆಯ ಚೊಂಬು. ಬಾಯಿ ದುಂಡಗಿದೆಯೆಂದು ಗೊತ್ತಲ್ಲ, ದುಂಡಗೆ ಬರೆದೆ. ತಳ ಮೇಜಿಗೆ ಊರಿದೆಯಲ್ಲ, ಅಡ್ಡಗೆರೆ ಎಳೆದೆ. ಪಕ್ಕದ ಹುಡುಗಿ ಇಣುಕಿ, "ಸರ್, ಬಾಯಿಯನ್ನು ಮೇಲೆ ನಿಂತು ನೋಡಿದ್ದೀರಿ, ತಳವನ್ನು ಕೆಳಗೆ ಕೂತು ನೋಡಿದ್ದೀರಿ" ಎಂದಳು. ಸರಿಯಾದ ಮಾತೇ. ಚೊಂಬು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಬಾಯಿ ಚಪ್ಪಟೆಯಾದ ಅಂಡಾಕಾರದಲ್ಲಿ ಕಾಣುತ್ತದೆ. ತಳ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚು. ಐವತ್ತು ವರ್ಷ ಚೊಂಬಿನಲ್ಲಿ ನೀರು ಕುಡಿದಿದ್ದೇನೆ, ಚೊಂಬನ್ನು ನೋಡಿರಲಿಲ್ಲ.

ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಮಕ್ಕಳ ಚಿತ್ರವನ್ನು ತಿದ್ದಬೇಡಿ. ಸೊಟ್ಟಗೆ ಕಂಡರೆ "ಎಲ್ಲಿ ಕುಳಿತು ನೋಡಿದೆ?" ಎಂದು ಕೇಳಿ, ಅದೇ ಜಾಗದಲ್ಲಿ ಮಗುವಿನ ಎತ್ತರಕ್ಕೆ ಕುಳಿತು ನೋಡಿ. ಅಚ್ಚು ಹಾಕಿದ ಚಿತ್ರಕ್ಕೆ ಬಣ್ಣ ತುಂಬುವ ಪುಸ್ತಕಗಳನ್ನು ಸದ್ಯಕ್ಕೆ ಕೊಡಿಸದಿದ್ದರೆ ಉಪಕಾರ. ಮೆತ್ತಗೆ, ಕಪ್ಪಗೆ ಮೂಡುವ ಒಂದು 4ಬಿ ಪೆನ್ಸಿಲ್ ಸಾಕು; ರಬ್ಬರ್ ಮನೆಯಲ್ಲೇ ಇರಲಿ.

ಪ್ರತಿ ಶನಿವಾರ ಅಡುಗೆಮನೆಯ ಒಂದು ವಸ್ತುವನ್ನು ಕಳುಹಿಸಿಕೊಡಿ: ಸೌಟು, ಜರಡಿ, ಲಟ್ಟಣಿಗೆ, ಯಾವುದಾದರೂ ಆದೀತು. ಈಳಿಗೆಮಣೆ ಮಾತ್ರ ಖಂಡಿತ ಬೇಡ. ಹೋದ ಸಲ ಒಬ್ಬ ಚೀಲದಲ್ಲಿಟ್ಟುಕೊಂಡು ಬಂದಿದ್ದ. ಪಾತ್ರೆಗೆ ಹೆಸರು ಕೆತ್ತಿಸಿದ್ದರೆ ಒಳ್ಳೆಯದು. ಎರಡು ಸೌಟುಗಳು ಈಗಾಗಲೇ ಅದಲುಬದಲಾಗಿವೆ, ತಮ್ಮ ಮನೆಗೆ ಬಂದಿದ್ದರೆ ದಯವಿಟ್ಟು ಹಿಂದಿರುಗಿಸಿ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕ